ಅಂಟದ ಕಾವಲಿ

(ಆಕಾಶವಾಣಿ ಭದ್ರಾವತಿ ಕೇಂದ್ರದಿಂದ ಪ್ರಸಾರವಾದ ಭಾಷಣ, ಕೇಂದ್ರದ ಕೃಪೆಯಿಂದ)

ಕನ್ನಡದಲ್ಲಿ ‘ಕಾಯ್’ ಎಂಬ ಮಾತಿಗೆ ಮೂರು ಕೆಲಸಗಳಿವೆ. ಒಲೆಯ ಮೇಲೆ ನೀರು ಕಾಯುತ್ತದೆ; ಬರಬೇಕಾದ ನೆಂಟರಿಗಾಗಿ ನಾವು ಕಾಯುತ್ತೇವೆ; ರಾತ್ರಿಯೆಲ್ಲ ಎಚ್ಚರವಿದ್ದು ರೈತ ಗದ್ದೆಯನ್ನು ಕಾಯುತ್ತಾನೆ. ಬಿಸಿಯಾಗುವ ‘ಕಾಯ್’ ಬೇರೆ, ಕಾಪಾಡುವ ‘ಕಾಯ್’ ಬೇರೆ ಎಂದು ನಿಘಂಟುಕಾರರು ವಿಂಗಡಿಸುತ್ತಾರೆ. ನಮ್ಮ ದೋಸೆಯ ಕಾವಲಿ ಮೊದಲನೆಯದಕ್ಕೆ ಸೇರಿದ್ದು, ಕಾಯುವುದರಿಂದ ಅದು ಕಾವಲಿ. ಆದರೆ ಶಾಸ್ತ್ರ ಬೇರ್ಪಡಿಸಿದ್ದನ್ನು ಅಡುಗೆಮನೆ ಒಂದುಗೂಡಿಸುತ್ತದೆ. ಕಾವಲಿ ಕಾಯಬೇಕು, ಅದು ಕಾಯುವ ತನಕ ನಾವು ಕಾಯಬೇಕು, ಕೆಲಸ ಮುಗಿದ ಮೇಲೆ ತುಕ್ಕು ಹಿಡಿಯದಂತೆ ಅದನ್ನು ಕಾಯಬೇಕು. ಈ ಮೂರರಲ್ಲಿ ಕೊನೆಯ ಎರಡನ್ನು ಬಿಟ್ಟುಬಿಡಬಹುದು ಎಂಬ ಆಶ್ವಾಸನೆಯೊಡನೆ ನಮ್ಮ ಮನೆಗಳಿಗೆ ಬಂದದ್ದು ನಾನ್‌ಸ್ಟಿಕ್ ಪಾತ್ರೆ. ಆ ಆಶ್ವಾಸನೆಯ ಬೆಲೆಯೇನು, ಅದನ್ನು ತೆತ್ತವರಾರು, ಬೇರೆ ದಾರಿಯುಂಟೇ ಎಂಬುದನ್ನು ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಪಾತ್ರೆಪಡಗದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ನಮ್ಮ ಹಿಂದಿನವರು ಹಾಗೆ ಕೇಳಲಿಲ್ಲ. 11ನೆಯ ಶತಮಾನದ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದಗಳ ಜೊತೆಗೆ ಪಾಕಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜನೀತಿಯನ್ನು ಹೇಳಿದ ಲೇಖನಿಯಿಂದಲೇ ‘ಧೋಸಕ’ವನ್ನೂ ಹೇಳಿದ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದೇ ಒಂದು ಕಾವ್ಯವನ್ನು ಬರೆದ. ಅಡುಗೆಮನೆಯನ್ನು ವಿದ್ವತ್ತಿನ ಹೊರಗಿಟ್ಟದ್ದು ಈಚಿನವರು. ಮೇಲಾಗಿ, ನಿವೃತ್ತನಾದಂದಿನಿಂದ ನಮ್ಮ ಮನೆಯ ಬೆಳಗಿನ ದೋಸೆ ನನ್ನ ಪಾಲಿಗೆ ಬಂದಿರುವುದರಿಂದ ಈ ವಿಷಯದಲ್ಲಿ ನನಗೆ ಅಲ್ಪಸ್ವಲ್ಪ ಅಧಿಕಾರವೂ ಉಂಟು.

ನಾನಿರುವ ಗೋಪಾಳದಿಂದ ಗಾಂಧಿ ಬಜಾರಿಗೆ ಹೋಗಿ ಒಂದು ಪಾತ್ರೆಯಂಗಡಿಯ ಮುಂದೆ ನಿಂತರೆ ಸಾಕು, ಸಮಸ್ಯೆ ಕಣ್ಣಿಗೆ ಕಟ್ಟುತ್ತದೆ. ಕರಿಯ ಲೇಪದವು, ಕಲ್ಲಿನಂತೆ ಚುಕ್ಕೆ ಚುಕ್ಕೆಯಾದವು, ಹಾಲಿನಂತೆ ಬೆಳ್ಳಗಿರುವವು ಸಾಲಾಗಿ ತೂಗಿರುತ್ತವೆ. ಹಲವುದರ ಮೇಲೆ ಒಂದು ಹಸಿರೆಲೆಯ ಚಿತ್ರ, ಪರಿಸರಸ್ನೇಹಿ ಎಂಬ ಅರ್ಥದ ಒಂದು ಮಾತು. ಮೂಲೆಯಲ್ಲಿ, ನೆಲದ ಮೇಲೆ, ಒಂದರ ಮೇಲೊಂದು ಒಟ್ಟಿದ ಕಬ್ಬಿಣದ ಕಾವಲಿಗಳು. ಅವುಗಳ ಮೇಲೆ ಎಲೆಯ ಚಿತ್ರವಿಲ್ಲ. ಕೊಳ್ಳಲು ಬಂದ ಗೃಹಿಣಿ ಯಾವುದನ್ನು ನಂಬಬೇಕು?

ಮೊದಲು, ಅಂಟುವುದು ಎಂದರೇನು ಎಂಬುದನ್ನು ನೋಡೋಣ. ನಮ್ಮ ಕಣ್ಣಿಗೆ ನಯವಾಗಿ ಕಾಣುವ ಲೋಹದ ಮೈ ಸೂಕ್ಷ್ಮದರ್ಶಕದ ಕೆಳಗೆ ಮಲೆನಾಡಿನಂತೆಯೇ ಏರುತಗ್ಗು. ಹಿಟ್ಟು ಆ ತಗ್ಗುಗಳೊಳಗೆ ಇಳಿಯುತ್ತದೆ. ಅದರಲ್ಲಿರುವ ಪ್ರೋಟೀನು ಬಿಸಿ ತಾಗಿ ಲೋಹದ ಮೈಯೊಡನೆ ಬೆಸೆದುಕೊಳ್ಳುತ್ತದೆ. ಕಾಯದ ಕಾವಲಿಯ ಮೇಲೆ ಹುಯ್ದ ದೋಸೆ ಎಬ್ಬಿಸಲು ಬಾರದಿರುವುದು ಇದರಿಂದ. ಇದನ್ನು ತಡೆಯಬೇಕಾದರೆ ಲೋಹಕ್ಕೂ ಹಿಟ್ಟಿಗೂ ನಡುವೆ ಒಂದು ತೆರೆ ಬೇಕು. ಆ ತೆರೆಯನ್ನು ಯಾವುದರಿಂದ ಮಾಡುತ್ತೇವೆ, ಅದು ಹರಿದಾಗ ಏನು ಮಾಡುತ್ತೇವೆ ಎಂಬ ಎರಡು ಪ್ರಶ್ನೆಗಳಲ್ಲಿ ಇಡೀ ವಿಷಯ ಅಡಗಿದೆ.

ಆಧುನಿಕ ತೆರೆ ಹುಟ್ಟಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನವಿಜ್ಞಾನಿ ಶೈತ್ಯಯಂತ್ರಗಳಿಗಾಗಿ ಹೊಸ ಅನಿಲವೊಂದನ್ನು ಹುಡುಕುತ್ತಿದ್ದ. ಅನಿಲ ತುಂಬಿಟ್ಟ ಸಿಲಿಂಡರಿನ ತೂಕ ಇದ್ದಂತೆಯೇ ಇದೆ, ಬಾಯಿ ತೆರೆದರೆ ಏನೂ ಹೊರಬರುತ್ತಿಲ್ಲ. ಗರಗಸದಿಂದ ಸೀಳಿ ನೋಡಿದಾಗ ಒಳಗೆ ಮೇಣದಂತೆ ಜಾರುವ ಬಿಳಿಯ ಪುಡಿ. ಅನಿಲದ ಅಣುಗಳು ತಾವಾಗಿಯೇ ಕೈ ಕೈ ಹಿಡಿದು ಉದ್ದನೆಯ ಸರಪಳಿಗಳಾಗಿದ್ದವು. ಯಾವುದರೊಡನೆಯೂ ಬೆರೆಯದ, ಯಾವ ಆಮ್ಲಕ್ಕೂ ಬಗ್ಗದ ಈ ವಸ್ತುವೇ ಟೆಫ್ಲಾನ್ ಎಂಬ ಹೆಸರಿನಿಂದ ಮುಂದೆ ಪ್ರಸಿದ್ಧವಾಯಿತು. ಅದು ಮೊದಲು ಬಳಕೆಗೆ ಬಂದದ್ದು ಅಡುಗೆಗಲ್ಲ, ಅಣುಬಾಂಬಿನ ಸಿದ್ಧತೆಗೆ. ಯುರೇನಿಯಂ ಶುದ್ಧೀಕರಣದಲ್ಲಿ ಬಳಸುವ ಉಗ್ರವಾದ ಅನಿಲವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿತ್ತು. 1954ರಲ್ಲಿ ಫ್ರಾನ್ಸಿನ ಇಂಜಿನಿಯರ್ ಮಾರ್ಕ್ ಗ್ರೆಗ್ವಾರ್ ತನ್ನ ಮೀನು ಹಿಡಿಯುವ ಸಲಕರಣೆಗೆ ಅದನ್ನು ಲೇಪಿಸುವ ಉಪಾಯ ಕಂಡುಕೊಂಡಾಗ, ತನ್ನ ಬಾಣಲೆಗೂ ಹಾಗೆಯೇ ಲೇಪಿಸಬಾರದೇಕೆ ಎಂದವಳು ಅವನ ಹೆಂಡತಿ ಕೊಲೆಟ್. ಅಲ್ಲಿಂದ ಅದು ಲೋಕದ ಅಡುಗೆಮನೆಗಳನ್ನು ಪ್ರವೇಶಿಸಿತು.

ಅದು ತಂದ ಸುಖ ಸುಳ್ಳಲ್ಲ. ಒಂದು ತೊಟ್ಟು ಎಣ್ಣೆಯಲ್ಲಿ ದೋಸೆ ಏಳುತ್ತದೆ. ಪಾತ್ರೆ ಹಗುರ. ಬೂದಿ, ತೆಂಗಿನ ಸಿಪ್ಪೆ ಹಿಡಿದು ತಿಕ್ಕುವ ಕೆಲಸವಿಲ್ಲ. ಹೃದ್ರೋಗದ ಭಯದಿಂದ ಎಣ್ಣೆ ಕಡಿಮೆ ಮಾಡಿರೆಂದು ವೈದ್ಯರು ಹೇಳಿದ ಮನೆಗಳಲ್ಲಿ ಅದು ಔಷಧದಂತೆ ಬಂದಿತು. ಇದನ್ನು ಅಲ್ಲಗಳೆದು ಹಳೆಯದೆಲ್ಲ ಹೊನ್ನು ಎಂದು ಹಾಡುವುದು ವಿಚಾರವಂತರ ಲಕ್ಷಣವಲ್ಲ.

ಆದರೆ ಪಾತ್ರೆಯ ಕಥೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ಈ ಲೇಪವನ್ನು ತಯಾರಿಸುವಾಗ ಸಹಾಯಕವಾಗಿ ಬಳಸುತ್ತಿದ್ದ ಇನ್ನೊಂದು ರಾಸಾಯನಿಕವಿತ್ತು. ಅದರ ಹೆಸರನ್ನು ಚುಟುಕಾಗಿ ಪಿ.ಎಫ್.ಒ.ಎ. ಎನ್ನುತ್ತಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾ ಸಂಸ್ಥಾನದಲ್ಲಿ, ಓಹಿಯೋ ನದಿಯ ದಂಡೆಯ ಪಾರ್ಕರ್ಸ್‌ಬರ್ಗ್ ಪಟ್ಟಣದ ಸಮೀಪ ಡ್ಯೂಪಾಂಟಿನ ಕಾರ್ಖಾನೆ. ಅದರ ತ್ಯಾಜ್ಯ ಸುರಿದ ಜಾಗದ ಪಕ್ಕದಲ್ಲಿ ಒಬ್ಬ ರೈತನ ಹುಲ್ಲುಗಾವಲು. ಹಳ್ಳದ ನೀರು ಕುಡಿದ ಅವನ ದನಗಳು ಒಂದೊಂದಾಗಿ ಸತ್ತವು. ದನ ಕಟ್ಟಿ ಬದುಕುವ ನಮ್ಮ ಸೀಮೆಯವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ಆ ರೈತ 1998ರಲ್ಲಿ ರಾಬರ್ಟ್ ಬಿಲಟ್ ಎಂಬ ವಕೀಲನ ಬಳಿಗೆ ಹೋದ. ಅದುವರೆಗೆ ರಾಸಾಯನಿಕ ಕಂಪೆನಿಗಳ ಪರವಾಗಿಯೇ ವಾದಿಸುತ್ತಿದ್ದ ಆ ವಕೀಲ ಈ ಮೊಕದ್ದಮೆಯನ್ನು ಕೈಗೆತ್ತಿಕೊಂಡು ಕಂಪೆನಿಯ ಕಡತಗಳನ್ನು ನ್ಯಾಯಾಲಯದ ಮೂಲಕ ಹೊರತೆಗೆದ. ಸುತ್ತಲಿನ ಊರುಗಳ ಕುಡಿಯುವ ನೀರಿನಲ್ಲಿಯೇ ಆ ರಾಸಾಯನಿಕ ಸೇರಿತ್ತು. 2004ರ ಒಪ್ಪಂದದ ಫಲವಾಗಿ ಸುಮಾರು 69,000 ಜನರ ರಕ್ತಪರೀಕ್ಷೆ ನಡೆಯಿತು. 2012ರ ವೇಳೆಗೆ ವಿಜ್ಞಾನಿಗಳ ಮಂಡಲಿ ಮೂತ್ರಪಿಂಡದ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್ ವ್ಯಾಧಿ, ಗರ್ಭಿಣಿಯರ ರಕ್ತದೊತ್ತಡ ಮೊದಲಾದ ಆರು ರೋಗಗಳಿಗೂ ಅದಕ್ಕೂ ಸಂಬಂಧವಿರುವ ಸಂಭವವನ್ನು ಸಾರಿತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿರ್ಮೂಲನಮಾಡಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದು ಮನುಷ್ಯರಿಗೆ ಕ್ಯಾನ್ಸರಕಾರಕವೆಂದು ನಿರ್ಣಯಿಸಿತು.

ಇದು ದೂರದ ಅಮೆರಿಕದ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಇಟಲಿಯ ವಿಚೆಂಜಾ ಸಮೀಪದ ಮಿತೇನಿ ಎಂಬ ಕಾರ್ಖಾನೆ ಇದೇ ಕುಲದ ರಾಸಾಯನಿಕಗಳನ್ನು ತಯಾರಿಸುತ್ತಿತ್ತು. ಅದರಿಂದ ಲಕ್ಷಾಂತರ ಜನರ ನೀರು ಕೆಟ್ಟಿತು. 2018ರಲ್ಲಿ ಅದು ದಿವಾಳಿಯಾಗಿ ಮುಚ್ಚಿತು. 2025ರಲ್ಲಿ ಅಲ್ಲಿಯ ನ್ಯಾಯಾಲಯ ಅದರ ಅಧಿಕಾರಿಗಳಿಗೆ ಸೆರೆವಾಸ ವಿಧಿಸಿತು. ಆದರೆ ಆ ಕಾರ್ಖಾನೆಯ ಯಂತ್ರೋಪಕರಣಗಳು ಗುಜರಿಗೆ ಹೋಗಲಿಲ್ಲ. ಕಡಲು ದಾಟಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಲೋಟೆ ಪರಶುರಾಮ ಎಂಬಲ್ಲಿಗೆ ಬಂದವು. ಅದು ಸಹ್ಯಾದ್ರಿಯ ಪಡುವಣ ಬುಡ. ಅದೇ ಸಹ್ಯಾದ್ರಿಯ ಮಡಿಲಲ್ಲಿಯೇ ನಮ್ಮ ತುಂಗೆಯೂ ಭದ್ರೆಯೂ ಹುಟ್ಟುತ್ತವೆ.

ಹಳೆಯ ಗಾದೆಯೊಂದುಂಟು: ಎಲ್ಲರ ಮನೆ ದೋಸೆ ತೂತು, ನಮ್ಮ ಮನೆ ಕಾವಲಿಯೇ ತೂತು. ದೋಸೆ ತೂತಾದರೆ ಒಂದು ಬೆಳಗಿನ ಮಾತು. ಕಾವಲಿಯೇ ತೂತಾದರೆ ದಿನದಿನದ ಮಾತು. ದೋಸೆ ಸ್ವಲ್ಪ ಅಂಟಿತು, ಹರಿಯಿತು ಎಂಬ ಪುಟ್ಟ ಕಷ್ಟವನ್ನು ತಪ್ಪಿಸಿಕೊಳ್ಳಲು ಹೋಗಿ ನೀರಿನಲ್ಲಿ, ನೆಲದಲ್ಲಿ, ರಕ್ತದಲ್ಲಿ ಅಳಿಯದೆ ಉಳಿಯುವ ವಸ್ತುವನ್ನು ಲೋಕಕ್ಕೆ ಬಿಟ್ಟದ್ದು ಕಾವಲಿಗೇ ತೂತು ಕೊರೆದಂತೆ. ಇಂಗಾಲಕ್ಕೂ ಫ್ಲೋರೀನಿಗೂ ಇರುವ ಬೆಸುಗೆ ಸೇಂದ್ರಿಯ ರಸಾಯನದಲ್ಲಿ ಅತ್ಯಂತ ಬಿಗಿಯಾದವುಗಳಲ್ಲೊಂದು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭವಾಗಿ ಬಿಡಿಸಲಾರದು. ಪಾತ್ರೆಗೆ ಅಂಟದ ಗುಣವನ್ನು ಕೊಟ್ಟ ಬೆಸುಗೆಯೇ ಭೂಮಿಗೆ ಬಿಡದೆ ಅಂಟಿಕೊಂಡಿತು.

ಹಾಗೆಂದು ಮನೆಯಲ್ಲಿರುವ ನಾನ್‌ಸ್ಟಿಕ್ ಕಾವಲಿ ಈಗಲೇ ವಿಷ ಕಾರುತ್ತದೆಂದು ಹೆದರಬೇಕಾಗಿಲ್ಲ. ಸಿದ್ಧವಾದ ಲೇಪ ಬಹುಮಟ್ಟಿಗೆ ನಿಷ್ಕ್ರಿಯ. ಚೂರು ಹೊಟ್ಟೆಗೆ ಹೋದರೂ ಹಾಗೆಯೇ ಹೊರಬೀಳುತ್ತದೆ. ಅಪಾಯವಿರುವುದು ಅತಿ ಕಾವಿನಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೇಪ ಕೆಡತೊಡಗುತ್ತದೆ. 350ರ ಸುಮಾರಿಗೆ ಒಡೆದು ಹೊಗೆಯಾಗುತ್ತದೆ. ಆ ಹೊಗೆಯಿಂದ ಮನುಷ್ಯರಿಗೆ ಜ್ವರ ಬರುವುದುಂಟು. ಪಂಜರದ ಗಿಳಿಗಳು ಸತ್ತೇ ಹೋಗುತ್ತವೆ. ದೊಡ್ಡ ಉರಿಯ ಮೇಲೆ ಬರಿದಾಗಿ ಬಿಟ್ಟ ಪಾತ್ರೆ ಆ ಕಾವನ್ನು ಕೆಲವೇ ನಿಮಿಷಗಳಲ್ಲಿ ಮುಟ್ಟಬಲ್ಲದು. ಒಗ್ಗರಣೆಗೆಂದು ಮೊದಲು ಪಾತ್ರೆಯನ್ನು ಚೆನ್ನಾಗಿ ಕಾಯಿಸುವ ನಮ್ಮ ಅಡುಗೆಯ ಪದ್ಧತಿಗೂ ಈ ಲೇಪಕ್ಕೂ ಮೂಲತಃ ಹೊಂದಾಣಿಕೆಯಿಲ್ಲ.

ಇನ್ನು ಹಸಿರೆಲೆಯ ಚಿತ್ರದ ಮಾತು. ‘ಪಿ.ಎಫ್.ಒ.ಎ. ಇಲ್ಲ’ ಎಂದು ಬರೆದಿದ್ದರೆ ಅದು ಬಹುಶಃ ನಿಜವೇ. ದೊಡ್ಡ ತಯಾರಕರು 2015ರ ವೇಳೆಗೆ ಅದನ್ನು ಕೈಬಿಟ್ಟರು. ಆದರೆ ಅದರ ಜಾಗಕ್ಕೆ ಅದೇ ಕುಲದ ಬೇರೆ ರಾಸಾಯನಿಕ ಬಂದಿತು. 2017ರಲ್ಲಿ ಅಮೆರಿಕದ ಕೇಪ್ ಫಿಯರ್ ನದಿಯ ನೀರಿನಲ್ಲಿ ಅದೂ ಸೇರಿರುವ ಸುದ್ದಿ ಹೊರಬಿದ್ದಿತು. ಸಹಾಯಕ ವಸ್ತು ಇಲ್ಲವೆಂದ ಮಾತ್ರಕ್ಕೆ ಲೇಪವೇ ಇಲ್ಲವೆಂದಲ್ಲ. ‘ಗ್ರಾನೈಟ್’ ಎಂದು ಹೆಸರಿಟ್ಟ ಪಾತ್ರೆಗಳು ಸಾಮಾನ್ಯವಾಗಿ ಅದೇ ಲೇಪದ ಮೇಲೆ ಚುಕ್ಕೆ ಬಿಡಿಸಿಕೊಂಡವು, ಅವುಗಳಲ್ಲಿ ಕಲ್ಲಿಲ್ಲ. ‘ಸಿರಾಮಿಕ್’ ಎಂಬ ಬಿಳಿಯ ಲೇಪದಲ್ಲಿ ಫ್ಲೋರೀನಿಲ್ಲ, ಮರಳಿನ ಮೂಲದ ಗಾಜಿನಂಥ ಪದಾರ್ಥವಿದೆ. ಆ ಮಟ್ಟಿಗೆ ಅದು ಮೇಲು. ಆದರೆ ದಿನಬಳಕೆಯಲ್ಲಿ ಒಂದೆರಡು ವರ್ಷಗಳಿಗೆ ಅದರ ಜಾರುಗುಣ ಸವೆಯುತ್ತದೆ. ಆಮೇಲೆ? ಆಮೇಲೆ ಎಸೆಯುವುದು. ಎಸೆದು ಹೊಸದನ್ನು ಕೊಳ್ಳುವುದು. ಅಮೆರಿಕದ ಮಿನೆಸೋಟಾ ಸಂಸ್ಥಾನ 2025ರ ಜನವರಿ 1ರಿಂದ ಫ್ಲೋರೀನ್ ಕುಲದ ರಾಸಾಯನಿಕಗಳನ್ನು ಬೆರೆಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಷೇಧಿಸಿದೆ. ನಮ್ಮಲ್ಲಿ ವಿವೇಚನೆಯ ಭಾರ ಕೊಳ್ಳುವವರ ಮೇಲೆಯೇ ಇದೆ.

ಈ ಭಾಷಣದ ಮುಖ್ಯವಾದ ಮಾತಿಗೆ ಈಗ ಬರುತ್ತೇನೆ. ಲೇಪ ನಮಗೆ ಹೊಸದಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ನಮ್ಮ ಹಿರಿಯರು ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಬೀದಿಯ ಮರದ ನೆರಳಿನಲ್ಲಿ ಕುಳಿ ತೋಡಿ ತಿದಿಯೊತ್ತಿ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಸೋಕಿಸಿ, ಅರಳೆಯಿಂದ ಒಂದು ಸಲ ಸವರಿದನೆಂದರೆ ಕಪ್ಪು ಪಾತ್ರೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಆ ಲೇಪವೂ ಸವೆಯುತ್ತಿತ್ತು. ಆದರೆ ಸವೆದದ್ದು ಲೇಪ ಮಾತ್ರ, ಪಾತ್ರೆಯಲ್ಲ. ಮುಂದಿನ ವರ್ಷ ಅವನು ಮತ್ತೆ ಬರುತ್ತಿದ್ದ. ಪಾತ್ರೆ ಮತ್ತೆ ಹೊಸದಾಗುತ್ತಿತ್ತು. ಅಜ್ಜಿಯ ತಪ್ಪಲೆ ಮೊಮ್ಮಗಳ ಮನೆಗೆ ಹೋಗುತ್ತಿದ್ದುದು ಹೀಗೆ. ಇಂದಿನ ಲೇಪಕ್ಕೂ ಅಂದಿನ ಲೇಪಕ್ಕೂ ಇರುವ ಭೇದ ಇದೇ: ಅಂದಿನದನ್ನು ಮತ್ತೆ ಹಚ್ಚಬಹುದಾಗಿತ್ತು, ಇಂದಿನದನ್ನು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ಮತ್ತೆ ಹಚ್ಚಲಾರರು. ಪರಿಸರಸ್ನೇಹಿ ಪಾತ್ರೆ ಯಾವುದೆಂದು ಕೇಳಿದವರಿಗೆ ನನ್ನ ಉತ್ತರ ಒಂದೇ ಸಾಲಿನದು. ಕೆಟ್ಟಾಗ ನಮ್ಮ ಕೈಯಿಂದಲೇ ಸರಿಪಡಿಸಿಕೊಳ್ಳಬಹುದಾದ ಪಾತ್ರೆಯೇ ಪರಿಸರಸ್ನೇಹಿ.

ಈ ಪರೀಕ್ಷೆಯಲ್ಲಿ ಮೊದಲನೆಯದಾಗಿ ತೇರ್ಗಡೆಯಾಗುವುದು ಮೂಲೆಯಲ್ಲಿ ಒಟ್ಟಿದ ಆ ಕಬ್ಬಿಣದ ಕಾವಲಿ. ಹೊಸ ಕಾವಲಿಯನ್ನು ಬಳಕೆಗೆ ಒಗ್ಗಿಸುವ ಕ್ರಮಕ್ಕೆ ಕನ್ನಡದಲ್ಲಿ ‘ಪಳಗಿಸುವುದು’ ಎನ್ನುತ್ತೇವೆ. ಕಾಡಾನೆಯನ್ನು ಪಳಗಿಸುತ್ತೇವೆ, ನೇಗಿಲಿಗೆ ಹೋರಿಯನ್ನು ಪಳಗಿಸುತ್ತೇವೆ, ಕೆಲಸದಲ್ಲಿ ನುರಿತ ಕೈಯನ್ನು ಪಳಗಿದ ಕೈ ಎನ್ನುತ್ತೇವೆ. ಕಬ್ಬಿಣದ ತುಂಡೊಂದಕ್ಕೆ ಪ್ರಾಣಿಗಳಿಗೂ ಮನುಷ್ಯರಿಗೂ ಹೇಳುವ ಮಾತನ್ನೇ ಹೇಳಿದ ಹೆಂಗಸರು ಅದರ ಸ್ವಭಾವವನ್ನು ಸರಿಯಾಗಿಯೇ ಅರಿತಿದ್ದರು.

ಪಳಗಿಸುವಾಗ ನಡೆಯುವುದೇನು? ಎಣ್ಣೆಯನ್ನು ತೆಳ್ಳಗೆ ಸವರಿ ಕಾಯಿಸಿದಾಗ ಅದರೊಳಗಿನ ಮೇದಾಮ್ಲಗಳು ಗಾಳಿಯ ಆಮ್ಲಜನಕದೊಡನೆ ಕೂಡಿ, ಒಂದಕ್ಕೊಂದು ಹೆಣೆದುಕೊಂಡು, ಕಬ್ಬಿಣದ ಏರುತಗ್ಗುಗಳನ್ನು ಮುಚ್ಚಿ ಗಟ್ಟಿಯಾದ ಕಪ್ಪು ಪೊರೆಯಾಗುತ್ತವೆ. ವಿಚಿತ್ರವೆಂದರೆ ಇದೂ ಅಣುಗಳ ಸರಪಳಿಯೇ. ಪ್ಲಂಕೆಟ್ಟನ ಸಿಲಿಂಡರಿನಲ್ಲಿ ಆದದ್ದೇ ಒಂದು ರೀತಿಯಲ್ಲಿ ನಮ್ಮ ಒಲೆಯ ಮೇಲೂ ಆಗುತ್ತದೆ. ಭೇದವಿಷ್ಟೇ: ಆ ಸರಪಳಿ ಮಣ್ಣಿಗೆ ಮರಳಲೊಲ್ಲದು, ಈ ಸರಪಳಿ ಎಳ್ಳಿನಿಂದ ಬಂದದ್ದು, ಮಣ್ಣಿಗೆ ಮರಳಬಲ್ಲದು. ಎಲ್ಲ ಎಣ್ಣೆಯೂ ಇದಕ್ಕೆ ಸಮನಲ್ಲ. ತೆಂಗಿನೆಣ್ಣೆ ಸುಲಭವಾಗಿ ಹೆಣೆದುಕೊಳ್ಳುವ ಜಾತಿಯದಲ್ಲ. ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆ ಲೇಸು. ಅಗಸೆಯ ಎಣ್ಣೆ ಬಹು ಬೇಗ ಗಟ್ಟಿಯಾಗುತ್ತದೆ.

ಕ್ರಮ ಹೀಗೆ. ಹೊಸ ಕಾವಲಿಯನ್ನು ಸೀಗೆಪುಡಿಯಿಂದಲೋ ಸಾಬೂನಿನಿಂದಲೋ ಚೆನ್ನಾಗಿ ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಬೇಕು. ಎಣ್ಣೆ ಸವರಿ, ಬಟ್ಟೆಯಿಂದ ಒರಸಿ ತೆಗೆದೇಬಿಟ್ಟೆವೋ ಎಂಬಷ್ಟು ತೆಳ್ಳಗೆ ಉಳಿಸಬೇಕು. ಹೊಗೆ ಏಳುವ ತನಕ ಕಾಯಿಸಿ ಆರಲು ಬಿಡಬೇಕು. ಇದನ್ನು ನಾಲ್ಕಾರು ಸಲ ಮಾಡಬೇಕು. ಎಣ್ಣೆ ದಪ್ಪವಾದರೆ ಪೊರೆ ಅಂಟಂಟಾಗುತ್ತದೆ. ಮೊದಲ ದಿನಗಳಲ್ಲಿ ಅರ್ಧ ಕತ್ತರಿಸಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುವುದು, ಬಾಳೆಯೆಲೆಯ ದಂಟಿನ ತುದಿಯನ್ನು ಜಜ್ಜಿ ಕುಂಚ ಮಾಡಿ ಸವರುವುದು ನಮ್ಮ ಮಲೆನಾಡಿನ ಮನೆಗಳಲ್ಲಿ ರೂಢಿ. ಮೊದಲ ಎರಡು ಮೂರು ದೋಸೆ ಹರಿಯುತ್ತವೆ, ಹರಿಯಲಿ. ಒಂದು ತಿಂಗಳ ಬಳಕೆಯಲ್ಲಿ ಅದು ತೆಳ್ಳೇವಿನಂಥ ನವುರಾದ ತಿಂಡಿಯನ್ನೂ ಬಿಟ್ಟುಕೊಡುತ್ತದೆ. ಅಕಸ್ಮಾತ್ ಪೊರೆ ಎದ್ದುಹೋದರೆ, ತುಕ್ಕು ಹಿಡಿದರೆ, ತಿಕ್ಕಿ ಮತ್ತೆ ಮೊದಲಿನಿಂದ ಪಳಗಿಸಿದರಾಯಿತು. ಕಾವಲಿಗೆ ಮುಪ್ಪಿಲ್ಲ.

ಇದರಿಂದ ಇನ್ನೊಂದು ಲಾಭವೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುವವರು. ಇಥಿಯೋಪಿಯದಲ್ಲಿ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳ ರಕ್ತ ಅಲ್ಯುಮಿನಿಯಂ ಪಾತ್ರೆಯ ಅಡುಗೆ ಉಂಡ ಮಕ್ಕಳದಕ್ಕಿಂತ ಹೆಚ್ಚು ಸುಧಾರಿಸಿತೆಂಬ ಅಧ್ಯಯನ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು. ಕಾವಲಿಯೊಂದೇ ಔಷಧವಲ್ಲ, ಆದರೂ ಔಷಧಕ್ಕೆ ಅದು ಒಳ್ಳೆಯ ನೆರೆಯವಳು. ಥಲಸ್ಸೀಮಿಯಾದಂಥ ಕಾಯಿಲೆಯಿಂದ ದೇಹದಲ್ಲಿ ಕಬ್ಬಿಣ ಹೆಚ್ಚುವವರು ಮಾತ್ರ ವೈದ್ಯರನ್ನು ಕೇಳಿ ನಡೆಯಬೇಕು.

ಕಬ್ಬಿಣವನ್ನು ಹೊಗಳುವಾಗ ಭದ್ರಾವತಿಯ ನೆರೆಯಲ್ಲಿ ಬಾಳುವ ನಾವು ಒಂದು ಋಣವನ್ನು ನೆನೆಯಬೇಕು. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ನಾಂದಿಯಾಗಿ, 1923ರಲ್ಲಿ ಕುಲುಮೆ ಉರಿಯತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ವಹಿಸಿ ಅದನ್ನು ನಿಲ್ಲಿಸಿದ ಸಾಹಸ ನಾಡಿಗೆಲ್ಲ ತಿಳಿದದ್ದು. ಅದಿರು ಕೆಮ್ಮಣ್ಣುಗುಂಡಿಯದು. ಉರುವಲು? ನಮ್ಮಲ್ಲಿ ಕಲ್ಲಿದ್ದಲಿಲ್ಲ. ಆ ಕುಲುಮೆ ಉರಿದದ್ದು ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಲಿನಿಂದ. ಎಷ್ಟೋ ಬೆಟ್ಟಗಳ ಹಸಿರು ಕಬ್ಬಿಣವಾಗಿ ಹರಿದುಹೋಯಿತು. ಆದ್ದರಿಂದ ಕಬ್ಬಿಣ ಪುಣ್ಯದ ಲೋಹ, ಟೆಫ್ಲಾನ್ ಪಾಪದ ವಸ್ತು ಎಂದು ಸುಲಭವಾಗಿ ಗೆರೆ ಎಳೆಯುವಂತಿಲ್ಲ. ಯಾವ ವಸ್ತುವೂ ಭೂಮಿಗೆ ಏನನ್ನಾದರೂ ಕಳೆಯದೆ ಹುಟ್ಟುವುದಿಲ್ಲ. ಕಳೆದದ್ದನ್ನು ತೀರಿಸಲು ನಮಗಿರುವ ದಾರಿ, ಆ ವಸ್ತುವನ್ನು ದೀರ್ಘಕಾಲ ಬಳಸುವುದು. ಮೂರು ತಲೆಮಾರು ದೋಸೆ ಕೊಟ್ಟು, ಕೊನೆಗೆ ಗುಜರಿಗೆ ಹೋಗಿ, ಕರಗಿ ಇನ್ನೊಂದು ರೂಪ ತಾಳುವ ಕಾವಲಿ ತನಗಾಗಿ ಬಿದ್ದ ಮರದ ಋಣವನ್ನು ಸ್ವಲ್ಪವಾದರೂ ತೀರಿಸುತ್ತದೆ. ಮೂರು ವರ್ಷಕ್ಕೆ ತಿಪ್ಪೆ ಸೇರುವ ಪಾತ್ರೆ ಯಾವ ಋಣವನ್ನೂ ತೀರಿಸದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ನ್ಯಾಯವಲ್ಲ. ಅದನ್ನು ನನ್ನ ಮುಂದಿಟ್ಟವಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೊಸೆ. “ಮಾವ, ನೀವು ಹೇಳೋದೆಲ್ಲ ಸರಿ. ಆದರೆ ಬೆಳಗ್ಗೆ ಏಳೂವರೆಗೆ ಮಗುವಿನ ಸ್ಕೂಲ್ ಬಸ್ಸು, ಎಂಟಕ್ಕೆ ನನ್ನ ಬಸ್ಸು. ಆ ಭಾರದ ಕಾವಲಿ ಎತ್ತಿಳಿಸಿ, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಇಡೋವರು ಯಾರು?” ಎಂದು ಅವಳು ಕೇಳಿದಳು. ಪರಿಸರವನ್ನು ಕುರಿತ ನಮ್ಮ ಉಪದೇಶಗಳಲ್ಲಿ ಬಹುಪಾಲು ಹೆಂಗಸರ ದುಡಿಮೆಯ ಮೇಲೆ ಹೊರಿಸಿದ ಹೊಸ ಹೊರೆಗಳೇ ಅಲ್ಲವೆ? ಕಬ್ಬಿಣದ ಕಾವಲಿ ಬೇಕೆನ್ನುವ ಗಂಡಸು ಅದನ್ನು ತಾನೇ ತೊಳೆದು ಒಣಗಿಸಲು ಸಿದ್ಧನಿಲ್ಲದಿದ್ದರೆ ಅವನ ಪರಿಸರಪ್ರೇಮಕ್ಕೆ ನೆಲೆಯಿಲ್ಲ. ಈ ಕೆಲಸ ಹಿಡಿಯುವುದು ನಿಜವಾಗಿ ಎರಡು ಮೂರು ನಿಮಿಷ. ಕಾವಲಿ ಬೆಚ್ಚಗಿರುವಾಗಲೇ ಬಟ್ಟೆಯಿಂದ ಒರಸಬೇಕು, ಬೇಕಿದ್ದರೆ ಸ್ವಲ್ಪ ನೀರು ಸೋಕಿಸಿ ತೊಳೆಯಬೇಕು, ಒಲೆಯ ಮೇಲೆ ಪಸೆ ಆರಿಸಿ ಒಂದು ತೊಟ್ಟು ಎಣ್ಣೆ ಸವರಿಡಬೇಕು. ಆ ಎರಡು ಮೂರು ನಿಮಿಷ ಯಾರದೆಂಬುದನ್ನು ಮನೆಯವರೆಲ್ಲ ಕೂಡಿ ತೀರ್ಮಾನಿಸಬೇಕು. ಈಗ ನನ್ನ ಮಗನ ಮನೆಯಲ್ಲಿ ಆ ಕೆಲಸ ಅವನದು. ಭಾರ ಆಗದವರಿಗೆ ಎರಕದ ಕಾವಲಿಗಿಂತ ತೆಳುವಾದ, ತಗಡಿನಿಂದ ಬಡಿದ ಕಬ್ಬಿಣದ ಕಾವಲಿಯೂ ದೊರೆಯುತ್ತದೆ. ಅದೂ ಹೀಗೆಯೇ ಪಳಗುತ್ತದೆ.

ಎಲ್ಲಕ್ಕೂ ಕಬ್ಬಿಣವೇ ಆಗಬೇಕೆಂದೂ ಇಲ್ಲ. ಹುಳಿ ಹಾಕಿದ ಅಡುಗೆಗೆ ಕಬ್ಬಿಣ ಹಿಡಿಸದು. ಪೊರೆ ಕರಗಿ ಸಾರು ಕಪ್ಪಾಗುತ್ತದೆ. ಅದಕ್ಕಾಗಿಯೇ ನಮ್ಮಲ್ಲಿ ಕಲ್ಚಟ್ಟಿ, ಕಲ್ಲುಮರಿಗೆಗಳಿದ್ದವು. ಬಳಪದ ಕಲ್ಲಿನ ಈ ಪಾತ್ರೆಗಳು ಹುಳಿಗೆ ಹೆದರುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಕುದಿಯುತ್ತಿರುತ್ತವೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳಲ್ಲಿ ಹೊಯ್ಸಳ ಶಿಲ್ಪಿಗಳು ಬಿಡಿಸಿದ್ದು ಇದೇ ಕುಲದ ಮೃದುವಾದ ಕಲ್ಲನ್ನು. ಹೊಸ ಕಲ್ಚಟ್ಟಿಗೆ ಎಣ್ಣೆ, ಅರಿಸಿನ ಬಳಿದು, ಗಂಜಿಯಲ್ಲಿ ಕೆಲವು ದಿನ ನೆನೆಸಿ, ಸಣ್ಣ ಉರಿಯಲ್ಲಿ ಮೆಲ್ಲಮೆಲ್ಲನೆ ಪಳಗಿಸಬೇಕು. ಕಾದದ್ದಕ್ಕೆ ತಣ್ಣೀರು ಸೋಕಿದರೆ ಬಿರಿಯುತ್ತದೆ. ಮಣ್ಣಿನ ಓಡಿನ ಮೇಲೆ ಹುಯ್ದ ಓಡುದೋಸೆಯ ರುಚಿಯನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಮಣ್ಣಿನ ಪಾತ್ರೆಯನ್ನು ಅತ್ಯಂತ ಸುರಕ್ಷಿತವೆಂದಿದೆ. ಮೆರುಗಿನ ಲೇಪವಿಲ್ಲದ್ದನ್ನು ಆರಿಸಬೇಕಷ್ಟೆ. ಕೆಲವು ಮೆರುಗುಗಳಲ್ಲಿ ಸೀಸ ಸೇರಿರುವುದುಂಟು. ಸ್ಟೀಲಿನ ಬಾಣಲೆಯೂ ಉಪಾಯ ಬಲ್ಲವರಿಗೆ ಅಂಟುವುದಿಲ್ಲ. ಪಾತ್ರೆ ಕಾದು, ಚಿಮುಕಿಸಿದ ನೀರಹನಿ ಆವಿಯಾಗದೆ ಪಾದರಸದಂತೆ ಓಡಾಡತೊಡಗಿದ ಮೇಲೆ ಎಣ್ಣೆ ಹಾಕಿ, ಆಮೇಲೆ ಪಲ್ಯ ಹಾಕಬೇಕು. ಅವಸರದಲ್ಲಿ ಕೆದಕಬಾರದು, ತಳ ಗರಿಯಾದ ಮೇಲೆ ಅದು ತಾನಾಗಿಯೇ ಬಿಡುತ್ತದೆ. ವಿದ್ಯುತ್ತಿನ ಇಂಡಕ್ಷನ್ ಒಲೆ ಇರುವವರು ಕಬ್ಬಿಣವನ್ನು ನಿಶ್ಚಿಂತೆಯಿಂದ ಬಳಸಬಹುದು. ಮಣ್ಣು, ಕಲ್ಲು, ತಾಮ್ರಗಳು ಅದರ ಮೇಲೆ ಕಾಯುವುದಿಲ್ಲ.

ಮನೆಯಲ್ಲಿ ಈಗಾಗಲೇ ನಾನ್‌ಸ್ಟಿಕ್ ಪಾತ್ರೆ ಇದ್ದರೆ ಈ ಭಾಷಣ ಕೇಳಿ ಅದನ್ನು ನಾಳೆಯೇ ಎಸೆಯಬೇಡಿ. ಎಸೆದರೆ ಅದೂ ಹೋಗಿ ಸೇರುವುದು ನಮ್ಮ ಮಣ್ಣನ್ನೇ. ಸಣ್ಣ ಉರಿಯಲ್ಲಿ ಬಳಸಿ, ಬರಿದಾಗಿ ಕಾಯಿಸಬೇಡಿ, ಮರದ ಸಟ್ಟುಗವನ್ನೇ ಹಿಡಿಯಿರಿ. ಲೇಪ ಎದ್ದ ದಿನ ಅದನ್ನು ಬಿಡಿ; ಅದರ ಜಾಗಕ್ಕೆ ಇನ್ನೊಂದು ಅಂಥದನ್ನೇ ತರಬೇಡಿ. ಅಟ್ಟದ ಮೇಲೆ, ಹಿತ್ತಲ ಕೊಟ್ಟಿಗೆಯಲ್ಲಿ ಅಜ್ಜಿಯ ಕಾಲದ ಕಾವಲಿಯೊಂದು ತುಕ್ಕು ಹಿಡಿದು ಬಿದ್ದಿದ್ದೀತು, ಹುಡುಕಿ ನೋಡಿ. ಕೊಳ್ಳುವ ಖರ್ಚೂ ಉಳಿಯುತ್ತದೆ.

ಅಂಟದಿರುವಿಕೆ ಎಂಬುದು ಅಂಗಡಿಯಲ್ಲಿ ಕೊಂಡು ತರಬಹುದಾದ ಗುಣವೆಂದು ನಮ್ಮನ್ನು ನಂಬಿಸಲಾಗಿದೆ. ಅದು ದಿನದಿನದ ಬಳಕೆಯಿಂದ ಪಾತ್ರೆಗೂ ಕೈಗೂ ನಡುವೆ ಮೆಲ್ಲನೆ ಕೂಡಿಬರುವ ಒಂದು ನಂಟು. ಪಾತ್ರೆಯನ್ನು ಕಾಯಲು ನಮಗೆ ಬಿಡುವಿಲ್ಲವೆಂದಾಗ ನಮ್ಮ ಪರವಾಗಿ ಯಾವುದೋ ನದಿ, ಯಾರದೋ ಹುಲ್ಲುಗಾವಲು ಆ ಬೆಲೆಯನ್ನು ತೆರುತ್ತದೆ. ಹೊಸ ಕಾವಲಿಯ ಮೇಲೆ ಮೊದಲ ದೋಸೆ ಹರಿದಾಗ ಬೇಸರಪಡಬೇಡಿ. ನಾಲ್ಕು ದಿನ ಕಾಯಿರಿ.